ಆರ್ಗ್ ಮೋಡ್: ತೋಟ, ಅಂಗಡಿ, ಮನೆಯ ಲೆಕ್ಕ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಆರ್ಗ್ ಮೋಡ್ ಎಂದರೆ ಈಮ್ಯಾಕ್ಸ್ ಎಡಿಟರಿನೊಳಗೇ ಇರುವ ಟಿಪ್ಪಣಿ ಮತ್ತು ಕೆಲಸಪಟ್ಟಿಯ ಸಲಕರಣೆ. ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಶುರುಮಾಡಿದ್ದು. 2007ರ ಈಮ್ಯಾಕ್ಸ್ 22ರಿಂದ ಈಚೆಗೆ ಅದು ಎಡಿಟರಿನ ಜೊತೆಯಲ್ಲೇ ಬರುತ್ತದೆ. ಬರೆದದ್ದೆಲ್ಲ ಸಾದಾ ಪಠ್ಯದ ಫೈಲಿನಲ್ಲಿ ಉಳಿಯುತ್ತದೆ. ಹಾಗಾಗಿ ಏನೇ ಕೆಟ್ಟರೂ ಮೊದಲು ನೋಡಬೇಕಾದ್ದು ಸೆಟ್ಟಿಂಗ್ ಅಲ್ಲ, ಆ ಸಾಲು. ಕೆಳಗಿನ ತೊಂದರೆಗಳಲ್ಲಿ ಹೆಚ್ಚಿನವು ಒಂದು ಜಾಗ ಬಿಟ್ಟಿದ್ದಕ್ಕೋ, ಬ್ರಾಕೆಟ್ ಬದಲಾಗಿದ್ದಕ್ಕೋ, ಕಣ್ಣಿಗೆ ಕಾಣದ ಒಂದು ಅಕ್ಷರಕ್ಕೋ ಆಗಿರುತ್ತವೆ.

ಕೀಲಿ ಮತ್ತು ಆಜ್ಞೆಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ. "ಕಂ-ಸಿ" ಎಂದರೆ ಕಂಟ್ರೋಲ್ ಹಿಡಿದು ಸಿ ಒತ್ತುವುದು. "ಆಲ್ಟ್-ಎಕ್ಸ್" ಒತ್ತಿದರೆ ಕೆಳಗಿನ ಸಾಲಿನಲ್ಲಿ ಆಜ್ಞೆಯ ಹೆಸರು ಬರೆಯಬಹುದು.

ಇದು ಯಾರಿಗೆ, ಯಾರಿಗಲ್ಲ?

ಮೂಡಿಗೆರೆ, ಸಕಲೇಶಪುರ ಕಡೆ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಇಲ್ಲದ ದಿನಗಳು ಮಾಮೂಲಿ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರುವ ತನಕ ಆರ್ಗ್ ಮೋಡ್ ನಡೆಯುತ್ತದೆ, ಇಂಟರ್ನೆಟ್ ಬೇಡ. ತೋಟದ ರೈಟರ್, ಅಂಗಡಿ ಲೆಕ್ಕ ನೋಡುವವರು, ಮನೆಯ ಕಾಗದಪತ್ರ ನೋಡಿಕೊಳ್ಳುವವರು, ಹೀಗೆ ಒಬ್ಬರೇ ಬರೆಯುವ ಕಡೆ ಇದಕ್ಕೆ ಸಾಟಿ ಕಡಿಮೆ. ನಾಲ್ಕೈದು ಜನ ಒಂದೇ ಪಟ್ಟಿಯನ್ನು ಒಂದೇ ಹೊತ್ತಿಗೆ ತಿದ್ದಬೇಕಾದರೆ ಇದು ಬೇಡ. ಆನ್‌ಲೈನ್ ಸ್ಪ್ರೆಡ್‌ಶೀಟೇ ಸರಿ. ಬರೀ ಸಾಮಾನಿನ ಚೀಟಿಗಾದರೆ ವಾಟ್ಸಾಪ್ ಸಾಕು, ಈಮ್ಯಾಕ್ಸ್ ಕಲಿಯುವ ಕಷ್ಟ ಯಾಕೆ.

ಕಂ-ಸಿ ಎ ಒತ್ತಿದರೆ ಅಜೆಂಡಾ ಬರುವುದೇ ಇಲ್ಲ. ಎಲ್ಲ ಪುಸ್ತಕದಲ್ಲೂ ಅದೇ ಕೀಲಿ ಹೇಳುತ್ತಾರಲ್ಲ?

ಆ ಕೀಲಿ ತಾನಾಗಿ ಕೂತಿರುವುದಿಲ್ಲ, ನೀವೇ ಕೂರಿಸಬೇಕು. ಕಂ-ಎಚ್ ಐ ಒತ್ತಿ, ಆರ್ಗ್ ಕೈಪಿಡಿಯಲ್ಲಿ "ಆಕ್ಟಿವೇಶನ್" ಎಂಬ ಭಾಗ ತೆರೆಯಿರಿ. ಅಜೆಂಡಾ (ದಿನಾಂಕದ ಪ್ರಕಾರ ಕೆಲಸಗಳನ್ನು ತೋರಿಸುವ ಪಟ್ಟಿ), ಕ್ಯಾಪ್ಚರ್ (ಥಟ್ಟನೆ ಟಿಪ್ಪಣಿ ಬರೆದುಕೊಳ್ಳುವುದು), ಕೊಂಡಿ ಉಳಿಸುವುದು, ಈ ಮೂರರ ಸಾಲುಗಳು ಅಲ್ಲೇ ಇವೆ. ನಕಲು ಮಾಡಿ ಇನಿಟ್ ಫೈಲಿಗೆ (ಈಮ್ಯಾಕ್ಸ್ ತೆರೆದಾಗ ಓದುವ ಸೆಟ್ಟಿಂಗಿನ ಫೈಲು) ಹಾಕಿ, ಈಮ್ಯಾಕ್ಸ್ ಮುಚ್ಚಿ ತೆರೆಯಿರಿ. ಅಲ್ಲಿಯವರೆಗೆ ಆಲ್ಟ್-ಎಕ್ಸ್ ಆರ್ಗ್-ಅಜೆಂಡಾ.

ಕನ್ನಡ ಕೀಬೋರ್ಡ್ ಹಾಕಿಕೊಂಡರೆ ಯಾವ ಕೀಲಿಯೂ ಕೆಲಸ ಮಾಡುವುದಿಲ್ಲ.

ಸಿಸ್ಟಮ್ಮಿನ ಕನ್ನಡ ಕೀಬೋರ್ಡ್ ಚಾಲೂ ಇದ್ದಾಗ ನೀವು ಟಿ ಒತ್ತಿದರೂ ಈಮ್ಯಾಕ್ಸಿಗೆ ತಲುಪುವುದು ಕನ್ನಡ ಅಕ್ಷರ. ಅದಕ್ಕೆ ಕಂ-ಟಿ ಎಂಬುದು ಸಿಗುವುದೇ ಇಲ್ಲ. ಸಿಸ್ಟಮ್ ಕೀಬೋರ್ಡನ್ನು ಇಂಗ್ಲಿಷಿನಲ್ಲೇ ಬಿಟ್ಟು, ಈಮ್ಯಾಕ್ಸಿನ ಸ್ವಂತ ಇನ್‌ಪುಟ್ ಮೆಥಡ್ ಬಳಸಿ. ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಮೊದಲ ಸಲ ಹೆಸರು ಕೇಳುತ್ತದೆ: "ಕನ್ನಡ-ಐಟ್ರಾನ್ಸ್" (ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರದಂತೆ ಒತ್ತುವುದು) ಅಥವಾ "ಕನ್ನಡ-ಇನ್‌ಸ್ಕ್ರಿಪ್ಟ್" ಕೊಡಿ. ಆಮೇಲೆ ಅದೇ ಕೀಲಿ ಒತ್ತಿದ ಹಾಗೆ ಕನ್ನಡ ಬರುತ್ತದೆ, ಹೋಗುತ್ತದೆ. ಕನ್ನಡ ಚಾಲೂ ಇದ್ದಾಗಲೂ ಕಂ-ಸಿ ಕಂ-ಟಿ (ಕೆಲಸದ ಸ್ಥಿತಿ ಬದಲಿಸುವ ಕೀಲಿ) ಮೊದಲಾದವು ಎಂದಿನಂತೆ ನಡೆಯುತ್ತವೆ. ಹುಡುಕುವಾಗ ಕೆಳಗಿನ ಸಾಲಿನಲ್ಲೂ ಇದೇ ಉಪಾಯ.

ಹಳೆಯ ನುಡಿ ಫೈಲಿನಿಂದ ಅಂಟಿಸಿದರೆ ಇಂಗ್ಲಿಷ್ ಗೋಜಲು ಬರುತ್ತದೆ.

ಆ ಫೈಲು ಯೂನಿಕೋಡ್ ಅಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ; ಫಾಂಟು ಅವನ್ನು ಕನ್ನಡದ ಆಕಾರದಲ್ಲಿ ತೋರಿಸುತ್ತಿತ್ತು, ಅಷ್ಟೆ. ಸಾದಾ ಪಠ್ಯದಲ್ಲಿ ಫಾಂಟಿನ ಮಾಹಿತಿ ಉಳಿಯುವುದಿಲ್ಲ. ಮೊದಲು ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಆಮೇಲೆ ಅಂಟಿಸಿ. ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲೇ.

ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ, ಕೆಲವು ಕಡೆ ಬರೀ ಚೌಕ.

ಚೌಕ ಕಂಡರೆ ಕನ್ನಡ ಫಾಂಟ್ ಇಲ್ಲ. ನೋಟೋ ಸಾನ್ಸ್ ಕನ್ನಡ ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಮೊದಲೇ ಇರುತ್ತದೆ. ಅಕ್ಷರ ಇದ್ದು ಒತ್ತು ಕೂರದಿದ್ದರೆ ತೊಂದರೆ ಅಕ್ಷರ ಜೋಡಿಸುವ ಹಾರ್ಫ್‌ಬಝ್‌ನದ್ದು. ಈಮ್ಯಾಕ್ಸ್ 27 ಅಥವಾ ಅದಕ್ಕಿಂತ ಹೊಸದು ಬೇಕು. ಕಂ-ಎಚ್ ವಿ ಒತ್ತಿ "ಸಿಸ್ಟಮ್-ಕಾನ್ಫಿಗರೇಶನ್-ಫೀಚರ್ಸ್" ನೋಡಿದರೆ ಆ ಹೆಸರು ಪಟ್ಟಿಯಲ್ಲಿ ಇರಬೇಕು. ಕರ್ಸರನ್ನು ಅಕ್ಷರದ ಮೇಲಿಟ್ಟು ಆಲ್ಟ್-ಎಕ್ಸ್ ಡಿಸ್ಕ್ರೈಬ್-ಚಾರ್ ಕೊಟ್ಟರೆ ಯಾವ ಫಾಂಟಿನಿಂದ ಬಂದಿದೆ ಎಂದು ತಿಳಿಯುತ್ತದೆ. ಟರ್ಮಿನಲ್ ಕಿಟಕಿಯಲ್ಲಿ ಈಮ್ಯಾಕ್ಸ್ ನಡೆಸುತ್ತಿದ್ದರೆ ಅಕ್ಷರ ಜೋಡಿಸುವುದು ಟರ್ಮಿನಲ್ಲಿನ ಕೆಲಸ, ಹೆಚ್ಚಿನವು ಅದನ್ನು ಚೆನ್ನಾಗಿ ಮಾಡುವುದಿಲ್ಲ. ಕನ್ನಡಕ್ಕೆ ಗ್ರಾಫಿಕ್ ಕಿಟಕಿಯೇ ಇರಲಿ.

"ಟುಡು", "ಡನ್" ಬದಲು ಕನ್ನಡದ ಪದ ಇಡಬಹುದೇ?

ಧಾರಾಳವಾಗಿ. ಫೈಲಿನ ಮೇಲ್ಭಾಗದಲ್ಲಿ ಹೀಗೊಂದು ಸಾಲು:

#+ಟುಡು: ಬಾಕಿ ನಡೀತಿದೆ | ಆಯ್ತು ಬೇಡ

ಗೀಟಿನ ಎಡಕ್ಕಿರುವುದು ಇನ್ನೂ ಮುಗಿಯದ ಸ್ಥಿತಿ, ಬಲಕ್ಕಿರುವುದು ಮುಗಿದದ್ದು. ಗೀಟು ಹಾಕುವುದನ್ನು ಮರೆತರೆ ಕೊನೆಯ ಪದ ಒಂದೇ ಮುಗಿದ ಸ್ಥಿತಿಯಾಗುತ್ತದೆ. "#+ಟುಡು" ಎಂಬುದು ಇಂಗ್ಲಿಷಿನಲ್ಲೇ ಇರಬೇಕು. ಮುಂದಿನ ಪದಗಳು ಮಾತ್ರ ನಿಮ್ಮಿಷ್ಟ. ಒಂದು ಸ್ಥಿತಿಗೆ ಒಂದೇ ಪದ, ನಡುವೆ ಜಾಗ ಇರಬಾರದು.

ಸಾಲು ಬರೆದರೂ "ಬಾಕಿ" ಬಣ್ಣ ಪಡೆಯಲಿಲ್ಲ ಎಂಬುದು ದೂರು ನಂಬರ್ ಒಂದು. ಆ ಸಾಲಿನ ಮೇಲೆ ಕರ್ಸರ್ ಇಟ್ಟು ಕಂ-ಸಿ ಕಂ-ಸಿ ಒತ್ತಿ. ಫೈಲು ತೆರೆದಾಗ ಓದಿಕೊಂಡ ಸೆಟ್ಟಿಂಗನ್ನೇ ಆರ್ಗ್ ಹಿಡಿದುಕೊಂಡಿರುತ್ತದೆ. ಹೊಸದಾಗಿ ಓದು ಎಂದು ಹೇಳಬೇಕು.

ಕನ್ನಡದಲ್ಲಿ ಬರೆದ ಟ್ಯಾಗು ಕೆಲವು ಹಿಡಿಯುತ್ತವೆ, ಕೆಲವು ಹಿಡಿಯುವುದಿಲ್ಲ. ಯಾಕೆ?

ಟ್ಯಾಗು ಎಂದರೆ ಶೀರ್ಷಿಕೆಯ (ನಕ್ಷತ್ರದಿಂದ ಶುರುವಾಗುವ ಸಾಲಿನ) ಕೊನೆಗೆ ಎರಡು ಕೋಲನ್ ನಡುವೆ ಹಾಕುವ ಗುರುತು. ಅದರಲ್ಲಿ ಅಕ್ಷರ, ಅಂಕಿ, ಅಡಿಗೆರೆ, ಮತ್ತು @ # % ಇಷ್ಟಕ್ಕೇ ಅವಕಾಶ. ಕನ್ನಡದ ಗುಣಿತ, ಒತ್ತು, ಅನುಸ್ವಾರ ಎಲ್ಲ ಅಕ್ಷರದ ಲೆಕ್ಕಕ್ಕೇ ಬರುತ್ತವೆ. ಬಾರದಿರುವುದು ಒಂದು: ಅರ್ಧಾಕ್ಷರ ಮುಂದಿನ ವ್ಯಂಜನದ ಜೊತೆ ಕೂಡದಂತೆ ತಡೆಯಲು ನಡುವೆ ಹಾಕುವ, ಅಗಲವೇ ಇಲ್ಲದ ಅಕ್ಷರ, ಝಡ್‌ಡಬ್ಲ್ಯುಎನ್‌ಜೆ ಎನ್ನುತ್ತಾರೆ. "ಬ್ಯಾಂಕ್‌ಕೆಲಸ" ಎಂಬಲ್ಲಿ ಕ್ ಮತ್ತು ಕೆ ನಡುವೆ ಅದು ಕೂತಿದೆ. ಹಾಗಾಗಿ ಆ ಟ್ಯಾಗನ್ನು ಆರ್ಗ್ ಶೀರ್ಷಿಕೆಯ ಬರಹ ಎಂದೇ ಓದುತ್ತದೆ. :ಬ್ಯಾಂಕು: ಎಂದಿಡಿ, ಅಥವಾ :ಬ್ಯಾಂಕ್_ಕೆಲಸ: ಎಂದು ಅಡಿಗೆರೆ ಹಾಕಿ. :ತೋಟ: :ಕಣ: :ಸೊಸೈಟಿ: :ಬಟವಾಡೆ: ಇಂಥವಕ್ಕೆ ಯಾವ ತಕರಾರೂ ಇಲ್ಲ.

ಹುಡುಕಾಟಕ್ಕೂ ಇದೇ ಅಡ್ಡಿ. ಪದದ ಕೊನೆಯಲ್ಲಿ ಒಂದು ಕಡೆ ಆ ಅಕ್ಷರ ಹಾಕಿ, ಇನ್ನೊಂದು ಕಡೆ ಬಿಟ್ಟು ಬರೆದರೆ ಕಣ್ಣಿಗೆ ಒಂದೇ ರೀತಿ ಕಂಡರೂ ಯಂತ್ರಕ್ಕೆ ಅವು ಎರಡು ಬೇರೆ ಪದ. ಫೋನಿನ ಕೀಬೋರ್ಡೂ ಲ್ಯಾಪ್‌ಟಾಪಿನ ಕೀಬೋರ್ಡೂ ಬೇರೆ ಬೇರೆ ರೀತಿ ಬರೆಯುವುದರಿಂದ ಈ ಗೊಂದಲ ಬೇಗ ಬೆಳೆಯುತ್ತದೆ. ಟ್ಯಾಗುಗಳನ್ನು ಪ್ರತಿಸಲ ಹೊಸದಾಗಿ ಬರೆಯದೆ, ಶೀರ್ಷಿಕೆಯ ಮೇಲೆ ಕಂ-ಸಿ ಕಂ-ಕ್ಯೂ ಒತ್ತಿ, ಟ್ಯಾಬ್‌ನಿಂದ ಇರುವ ಪಟ್ಟಿಯಲ್ಲೇ ಆರಿಸಿ.

ಕೆಲಸ ಬರೆದಿದ್ದೇನೆ, ಅಜೆಂಡಾದಲ್ಲಿ ಕಾಣುವುದೇ ಇಲ್ಲ.

ಈ ಕ್ರಮದಲ್ಲೇ ನೋಡುತ್ತಾ ಹೋಗಿ. ಹೆಚ್ಚಾಗಿ ಮೊದಲ ಮೂರರಲ್ಲೇ ಸಿಕ್ಕಿಬಿಡುತ್ತದೆ.

ಫೈಲು ಅಜೆಂಡಾದ ಪಟ್ಟಿಯಲ್ಲಿದೆಯೇ? ಫೈಲು ತೆರೆದು ಕಂ-ಸಿ [ ಒತ್ತಿದರೆ ಸೇರುತ್ತದೆ. ಇಡೀ ಫೋಲ್ಡರನ್ನೇ ಕೊಟ್ಟಿದ್ದರೆ, ಅದರಲ್ಲಿ ಹೆಸರಿನ ಕೊನೆಗೆ ".ಆರ್ಗ್" ಇರುವ ಫೈಲುಗಳನ್ನು ಮಾತ್ರ ಓದುತ್ತದೆ, ಫೋಲ್ಡರಿನೊಳಗಿನ ಫೋಲ್ಡರಿಗೆ ಇಳಿಯುವುದಿಲ್ಲ.

ದಿನಾಂಕದ ಬ್ರಾಕೆಟ್ ಯಾವುದು? <2026-06-08 ಸೋಮ> ಎಂದಿದ್ದರೆ ಅಜೆಂಡಾಕ್ಕೆ ಬರುತ್ತದೆ. [2026-06-08 ಸೋಮ] ಎಂಬುದು ಬರೀ ದಾಖಲೆ, ಬರುವುದಿಲ್ಲ. ಕಂ-ಸಿ ಜೊತೆ ಚುಕ್ಕೆ ಒತ್ತಿದರೆ ಮೊದಲನೆಯದು, ಆಶ್ಚರ್ಯಸೂಚಕ ಒತ್ತಿದರೆ ಎರಡನೆಯದು.

ಅಂಕಿ ಕನ್ನಡದ್ದೇ? ೨೦೨೬ ಎಂದು ಬರೆದರೆ ಅದನ್ನು ದಿನಾಂಕ ಎಂದು ಗುರುತಿಸುವುದೇ ಇಲ್ಲ. ವಾರದ ಹೆಸರು ಕನ್ನಡದಲ್ಲಿದ್ದರೆ ಚಿಂತೆಯಿಲ್ಲ, ತಪ್ಪಿದ್ದರೂ ಚಿಂತೆಯಿಲ್ಲ. ಆರ್ಗ್ ಓದುವುದು ಅಂಕಿಗಳನ್ನು ಮಾತ್ರ. ದಿನಾಂಕದ ಮೇಲೆ ಕಂ-ಸಿ ಕಂ-ಸಿ ಒತ್ತಿದರೆ ವಾರ ಸರಿಹೋಗುತ್ತದೆ.

"ಷೆಡ್ಯೂಲ್ಡ್" ಅಥವಾ "ಡೆಡ್‌ಲೈನ್" ಸಾಲು ಶೀರ್ಷಿಕೆಯ ಸರೀ ಕೆಳಗೇ ಇದೆಯೇ? ನಡುವೆ ಒಂದು ಖಾಲಿ ಸಾಲು ಬಂದರೂ ಅದು ಬರೀ ಬರಹವಾಗಿಬಿಡುತ್ತದೆ. ಕೈಯಿಂದ ಬರೆಯದೆ ಕಂ-ಸಿ ಕಂ-ಎಸ್, ಕಂ-ಸಿ ಕಂ-ಡಿ ಬಳಸಿದರೆ ಈ ತಪ್ಪು ಆಗುವುದಿಲ್ಲ. ಶೀರ್ಷಿಕೆಯ ನಕ್ಷತ್ರವೂ ಸಾಲಿನ ಮೊದಲ ಜಾಗದಲ್ಲೇ ಇರಬೇಕು, ಅದರ ಮುಂದೆ ಒಂದು ಜಾಗ ಬಿಡಬೇಕು. ಅನುಮಾನ ಬಂದರೆ ಆಲ್ಟ್-ಎಕ್ಸ್ ಆರ್ಗ್-ಲಿಂಟ್ ಕೊಡಿ. ಜಾಗ ತಪ್ಪಿದ ಸಾಲುಗಳನ್ನು ಪಟ್ಟಿ ಮಾಡಿ ಕೊಡುತ್ತದೆ.

ಇದೆಲ್ಲ ಸರಿಯಿದ್ದರೂ ಕಾಣದಿದ್ದರೆ, ಅಜೆಂಡಾ ಕಿಟಕಿ ಹಳೆಯದಿರಬಹುದು, ಆರ್ ಒತ್ತಿ. ಒಂದೇ ಫೈಲಿಗೆ ಕಟ್ಟಿಹಾಕಿದ್ದೂ ಇರಬಹುದು, ಕಂ-ಸಿ ಕಂ-ಎಕ್ಸ್ > ಒತ್ತಿದರೆ ಆ ಕಟ್ಟು ಬಿಡುತ್ತದೆ.

ಷೆಡ್ಯೂಲ್ಡ್‌ಗೂ ಡೆಡ್‌ಲೈನ್‌ಗೂ ಏನು ವ್ಯತ್ಯಾಸ?

ಷೆಡ್ಯೂಲ್ಡ್ ಎಂದರೆ ಅವತ್ತು ಕೈ ಹಾಕಬೇಕಾದ ಕೆಲಸ. ಮಾಡದಿದ್ದರೆ ಮುಗಿಸುವ ತನಕ ದಿನಾ ಅಜೆಂಡಾದಲ್ಲಿ ಬಂದು ಕೂರುತ್ತದೆ. ಡೆಡ್‌ಲೈನ್ ಎಂದರೆ ಅವತ್ತಿಗೆ ಮುಗಿದಿರಬೇಕು. ತಾನಾಗಿ 14 ದಿನ ಮುಂಚಿನಿಂದ ಎಚ್ಚರಿಸುತ್ತದೆ. ಸೊಸೈಟಿ ಸಾಲದ ಕಂತಿಗೆ ಅಷ್ಟು ದಿನ ಬೇಕು, ಕರೆಂಟ್ ಬಿಲ್ಲಿಗೆ ಬೇಡ. ದಿನಾಂಕದೊಳಗೇ, ಬ್ರಾಕೆಟ್ ಮುಚ್ಚುವ ಮುಂಚೆ "-3ಡಿ" ಎಂದು ಬರೆದರೆ ಮೂರು ದಿನ ಮುಂಚೆ ಮಾತ್ರ. ಎಲ್ಲಕ್ಕೂ ಡೆಡ್‌ಲೈನ್ ಹಾಕುವ ಚಾಳಿ ಬೇಡ. ಅಜೆಂಡಾ ತುಂಬ ಎಚ್ಚರಿಕೆಯೇ ಆದರೆ ಯಾವುದನ್ನೂ ಓದುವುದಿಲ್ಲ.

ಮತ್ತೆ ಮತ್ತೆ ಬರುವ ಕೆಲಸಕ್ಕೆ +, ++, .+ ಅಂತ ಮೂರು ಬಗೆ ಇವೆಯಲ್ಲ, ಯಾವುದು ಎಲ್ಲಿ?

ತೋಟದ ಕೆಲಸಕ್ಕೆ ಇದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ತಲೆನೋವು ಕಳೆಯಿತು.

ಅಡಿಕೆಗೆ ಕೊಳೆರೋಗದ ಔಷಧಿ ತೆಗೆದುಕೊಳ್ಳಿ. ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮುಂಚೆ ಒಮ್ಮೆ, ಆಮೇಲೆ 40–45 ದಿನ ಬಿಟ್ಟು ಮತ್ತೊಮ್ಮೆ ಹೊಡೆಯುತ್ತಾರೆ. ಮೇ 25ಕ್ಕೆ ಅಂದುಕೊಂಡಿದ್ದು ಮಳೆಯಿಂದ ಜೂನ್ 8ಕ್ಕೆ ಹೋಯಿತು ಎನ್ನೋಣ. ಇಲ್ಲಿ "+40ಡಿ" ಹಾಕಿದ್ದರೆ ಆರ್ಗ್ ಹಳೆಯ ದಿನಾಂಕದಿಂದ ಎಣಿಸಿ ಜುಲೈ 4 ಎನ್ನುತ್ತದೆ. ಹೊಡೆದು 26 ದಿನಕ್ಕೇ ಮತ್ತೆ ಹೊಡೆ ಎಂದ ಹಾಗಾಯಿತು. ".+40ಡಿ" ಹಾಕಿದ್ದರೆ ಕೆಲಸ ಮುಗಿಸಿದ ದಿನದಿಂದ ಎಣಿಸಿ ಜುಲೈ 18 ಎನ್ನುತ್ತದೆ. ಬೇಕಾದ್ದು ಇದು.

* ಬಾಕಿ ಅಡಿಕೆಗೆ ಬೋರ್ಡೋ [0/3] :ತೋಟ:
ಷೆಡ್ಯೂಲ್ಡ್: <2026-05-25 ಸೋಮ .+40ಡಿ>
- [ ] ಮೈಲುತುತ್ತ, 200 ಲೀಟರ್ ಡ್ರಮ್ಮಿಗೆ 2 ಕೆಜಿ
- [ ] ಸುಣ್ಣ, 2 ಕೆಜಿ
- [ ] ದೋಟಿ, ಪೈಪು, ಪಂಪ್ ನೋಡಿಕೊಳ್ಳುವುದು

ಆದರೆ ಒಂದು ಎಚ್ಚರ: ಔಷಧಿ ಸೋಮವಾರ ಹೊಡೆದು "ಆಯ್ತು" ಎಂದು ಗುರುವಾರ ಒತ್ತಿದರೆ ಎಣಿಕೆ ಗುರುವಾರದಿಂದ. ಅಂಥಾಗ ಹೊಸ ದಿನಾಂಕದ ಮೇಲೆ ಕರ್ಸರ್ ಇಟ್ಟು ಶಿಫ್ಟ್ ಜೊತೆ ಎಡ ಬಾಣ ಒತ್ತಿ, ಒಂದೊಂದೇ ದಿನ ಹಿಂದಕ್ಕೆ ತನ್ನಿ.

ಬಟವಾಡೆಗೆ ಇದು ಆಗದು. ಬಟವಾಡೆ ಶನಿವಾರವೇ ಆಗಬೇಕು. ಒಂದು ವಾರ ಗುರುತು ಹಾಕುವುದು ಸೋಮವಾರಕ್ಕೆ ಹೋದರೂ ಮುಂದಿನದು ಶನಿವಾರಕ್ಕೇ ಬರಬೇಕು. ಅದಕ್ಕೆ "++1ಡಬ್ಲ್ಯು". ಮೂರು ವಾರ ಗುರುತು ಹಾಕದಿದ್ದರೂ ಕಳೆದ ವಾರಗಳನ್ನು ಹಾರಿ ಮುಂದೆ ಬರುವ ಶನಿವಾರಕ್ಕೆ ನಿಲ್ಲುತ್ತದೆ. ಬರೀ "+" ಎಂಬುದು ಒಂದೂ ತಪ್ಪಬಾರದ ಕಂತುಗಳಿಗೆ: ಮೂರು ಕಂತು ಬಾಕಿಯಿದ್ದರೆ ಮೂರು ಸಲ "ಆಯ್ತು" ಎನ್ನಬೇಕು.

ತಿಂಗಳ ಕೆಲಸವನ್ನು 31ನೇ ತಾರೀಖಿಗೆ ಇಡಬೇಡಿ. ಜನವರಿ 31ಕ್ಕೆ ಒಂದು ತಿಂಗಳು ಕೂಡಿದರೆ ಫೆಬ್ರವರಿಯಲ್ಲಿ ಆ ದಿನ ಇಲ್ಲ, ಮಾರ್ಚ್ ಮೊದಲ ವಾರಕ್ಕೆ ಜಾರುತ್ತದೆ. ಆಮೇಲೆ ಅಲ್ಲೇ ನಿಲ್ಲುತ್ತದೆ. 28 ಅಥವಾ 1 ಇಡಿ.

"ಆಯ್ತು" ಎಂದು ಒತ್ತಿದರೂ ಮತ್ತೆ "ಬಾಕಿ" ಆಗುತ್ತದೆ!

ಅದು ಮರುಕಳಿಸುವ ಕೆಲಸ, ಹಾಗೇ ಆಗಬೇಕು. ದಿನಾಂಕ ಮುಂದೆ ಹೋಗಿದೆಯೇ ನೋಡಿ. ಪೂರ್ತಿ ನಿಲ್ಲಿಸಬೇಕಾದರೆ ದಿನಾಂಕದೊಳಗಿನ ".+40ಡಿ" ಅಳಿಸಿ, ಆಮೇಲೆ "ಆಯ್ತು" ಒತ್ತಿ. ಕೆಳಗಿನ ಪಟ್ಟಿಯ [ ] ಚೌಕಗಳ ಗುರುತು ಮಾತ್ರ ತಾನಾಗಿ ಅಳಿಯುವುದಿಲ್ಲ: ಆಲ್ಟ್-ಎಕ್ಸ್ ಆರ್ಗ್-ರೀಸೆಟ್-ಚೆಕ್‌ಬಾಕ್ಸ್-ಸ್ಟೇಟ್-ಸಬ್‌ಟ್ರೀ.

ಆಳುಗಳ ಕೂಲಿ ಲೆಕ್ಕದ ಟೇಬಲ್ ತಪ್ಪು ಉತ್ತರ ಕೊಡುತ್ತಿದೆ.

| ಹೆಸರು | ದಿನ | ಕೂಲಿ | ಮೊತ್ತ |
|---+---+---+---|
| ಆಳು 1 | 6 | 500 | 3000 |
| ಆಳು 2 | 4.5 | 500 | 2250 |
| ಒಟ್ಟು | | | 5250 |
#+ಟಿಬಿಎಲ್ಎಫ್ಎಂ: $4=$2*$3::@>$4=ವಿಸಮ್(@2..@-1)

ಎಕ್ಸೆಲ್ ಹಾಗೆ ಅಂಕಿ ಬದಲಿಸಿದ ತಕ್ಷಣ ಇದು ಲೆಕ್ಕ ಮಾಡುವುದಿಲ್ಲ. ಕೆಳಗಿನ ಸೂತ್ರದ ಸಾಲಿನ ಮೇಲೆ ಕಂ-ಸಿ ಕಂ-ಸಿ ಒತ್ತಿದಾಗಲೇ ಲೆಕ್ಕ. ಬಟವಾಡೆಗೆ ಮುಂಚೆ ಒತ್ತುವುದನ್ನು ರೂಢಿ ಮಾಡಿಕೊಳ್ಳಿ. ಹಳೆಯ ಮೊತ್ತ ನೋಡಿ ದುಡ್ಡು ಎಣಿಸಿಕೊಟ್ಟ ಮೇಲೆ ವಾಪಸ್ ಕೇಳುವುದು ಯಾರಿಗೂ ಹಿತವಲ್ಲ.

1,250 ಎಂದು ಅಲ್ಪವಿರಾಮ ಹಾಕಬೇಡಿ, ಲೆಕ್ಕದ ಯಂತ್ರ ಅದನ್ನು ಎರಡು ಬೇರೆ ಅಂಕಿ ಎಂದು ತಿಳಿಯುತ್ತದೆ. ರೂಪಾಯಿ ಚಿಹ್ನೆ ಶೀರ್ಷಿಕೆಯಲ್ಲಿ ಇರಲಿ, ಅಂಕಿಯ ಜೊತೆ ಬೇಡ. ಕನ್ನಡ ಅಂಕಿ ಇಲ್ಲಿಯೂ ನಡೆಯದು. ಶೀರ್ಷಿಕೆಯ ಕೆಳಗಿನ ಅಡ್ಡಗೆರೆ ಹಾಕದೆ ಬಿಟ್ಟರೆ "ದಿನ", "ಕೂಲಿ" ಎಂಬ ಪದಗಳನ್ನೇ ಗುಣಿಸಲು ಹೋಗುತ್ತದೆ.

ಕನ್ನಡ ಬಂದ ಕಡೆಯೆಲ್ಲ ಟೇಬಲ್ಲಿನ ಗೆರೆ ಓರೆಕೋರೆ.

ಕನ್ನಡ ಅಕ್ಷರಗಳ ಅಗಲ ಒಂದೇ ಸಮ ಇರುವುದಿಲ್ಲ. ಆರ್ಗ್ ಜಾಗ ತುಂಬಿಸುವುದು ಅಕ್ಷರ ಎಣಿಸಿ. ನೋಟ ಕೆಟ್ಟಿದೆಯೇ ಹೊರತು ಲೆಕ್ಕ ಕೆಟ್ಟಿಲ್ಲ. "ವಿಅಲೈನ್" ಎಂಬ ಪ್ಯಾಕೇಜ್ ಹಾಕಿದರೆ ಗ್ರಾಫಿಕ್ ಕಿಟಕಿಯಲ್ಲಿ ಗೆರೆ ನೇರವಾಗುತ್ತದೆ.

ವಿಂಡೋಸ್‌ನಲ್ಲಿ ನನ್ನ ಫೈಲುಗಳು ಎಲ್ಲಿ ಹೋದವು?

ಈಮ್ಯಾಕ್ಸಿನಲ್ಲಿ "~" ಎಂದರೆ ಮನೆಯ ಫೋಲ್ಡರ್. ವಿಂಡೋಸ್‌ನಲ್ಲಿ ಅದು ನಿಮ್ಮ ಡಾಕ್ಯುಮೆಂಟ್ಸ್ ಅಲ್ಲ, ಆಪ್‌ಡೇಟಾ ಒಳಗಿನ ರೋಮಿಂಗ್. ಅದು ಸಾಮಾನ್ಯವಾಗಿ ಅಡಗಿಸಿಟ್ಟ ಫೋಲ್ಡರ್, ಹಾಗಾಗಿ ಎಕ್ಸ್‌ಪ್ಲೋರರಿನಲ್ಲಿ ಕಾಣುವುದಿಲ್ಲ, ಬ್ಯಾಕಪ್ಪಿಗೂ ಬಿಟ್ಟುಹೋಗುತ್ತದೆ. ಫೈಲುಗಳಿಗೆ ಪೂರ್ತಿ ದಾರಿ ಕೊಟ್ಟು ಬೇರೆ ಫೋಲ್ಡರಿನಲ್ಲಿಡಿ. ಕ್ಯಾಪ್ಚರ್ ಮಾಡಿದ ಟಿಪ್ಪಣಿ ಸಿಗದಿದ್ದರೆ ಕಂ-ಯು ಕಂ-ಯು ಕಂ-ಸಿ ಸಿ ಒತ್ತಿ. ಕೊನೆಯದಾಗಿ ಉಳಿಸಿದ ಜಾಗಕ್ಕೇ ಕರೆದೊಯ್ಯುತ್ತದೆ.

ಬರೆಯುತ್ತಿದ್ದಾಗ ಕರೆಂಟ್ ಹೋಯಿತು, ಉಳಿಸಿರಲಿಲ್ಲ.

300 ಅಕ್ಷರ ಒತ್ತಿದಾಗಲೊಮ್ಮೆ, ಅಥವಾ 30 ಸೆಕೆಂಡ್ ಕೈಬಿಟ್ಟಾಗ, ಈಮ್ಯಾಕ್ಸ್ ತಾನೇ ಒಂದು ಪ್ರತಿ ಬರೆದಿಡುತ್ತದೆ. ಅದರ ಹೆಸರಿನ ಎರಡೂ ತುದಿಗೆ # ಇರುತ್ತದೆ. ಮೂಲ ಫೈಲು ತೆರೆದು, ಏನೂ ತಿದ್ದದೆ, ಆಲ್ಟ್-ಎಕ್ಸ್ ರಿಕವರ್-ದಿಸ್-ಫೈಲ್ ಕೊಡಿ. ನೋಡಿ ಸರಿಯೆನಿಸಿದರೆ ಉಳಿಸಿ. ಕೊನೆಗೆ ~ ಇರುವ ಫೈಲು ಬೇರೆ: ಅದು ಆ ಸಲ ಮೊದಲು ಉಳಿಸುವ ಮುಂಚಿನ ಪ್ರತಿ. "ಫೈಲ್ ಲಾಕ್ ಆಗಿದೆ" ಎಂದು ಕೇಳಿದರೆ, ಬೇರೆ ಯಾರೂ ತೆರೆದಿಲ್ಲ ಎಂಬುದು ಖಚಿತವಿದ್ದಾಗ ಎಸ್ ಒತ್ತಿ ಮುಂದುವರಿಯಿರಿ.

ಫೋನಿನಲ್ಲಿ ನೋಡುವುದು ಹೇಗೆ? ಒಂದರ ಮೇಲೊಂದು ಅಳಿಸಿಹೋಗುತ್ತದಲ್ಲ?

ಆಂಡ್ರಾಯ್ಡ್‌ಗೆ ಆರ್ಗ್ಜ್ಲಿ ರಿವೈವ್ಡ್ ಎಂಬ ಆ್ಯಪ್ ಚೆನ್ನಾಗಿದೆ. ಫೈಲು ಸಾಗಿಸಲು ಸಿಂಕ್‌ಥಿಂಗ್. ಫೋನಿನಲ್ಲಿ ಸಿಂಕ್‌ಥಿಂಗ್-ಫೋರ್ಕ್ ಹಾಕಿಕೊಳ್ಳಿ. ಎರಡೂ ಒಂದೇ ವೈಫೈನಲ್ಲಿದ್ದರೆ ಸಾಕು, ಇಂಟರ್ನೆಟ್ ಇಲ್ಲದೆಯೂ ಹೊಂದಿಸಿಕೊಳ್ಳುತ್ತವೆ. ಫೋನಿನ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಅದನ್ನು ಹೊರಗಿಡಿ, ಇಲ್ಲದಿದ್ದರೆ ಪರದೆ ಆರಿದ ಕೂಡಲೇ ನಿಲ್ಲುತ್ತದೆ.

ಆರ್ಗ್ಜ್ಲಿಯ ಸೆಟ್ಟಿಂಗಿನಲ್ಲಿ "ಸ್ಟೇಟ್ಸ್" ಕಡೆ ಬಾಕಿ, ನಡೀತಿದೆ, ಆಯ್ತು, ಬೇಡ ಎಂಬ ನಿಮ್ಮ ಪದಗಳನ್ನು ಹಾಕಲೇಬೇಕು. ಹಾಕದಿದ್ದರೆ ಅದು "ಬಾಕಿ"ಯನ್ನು ಶೀರ್ಷಿಕೆಯ ಮೊದಲ ಪದ ಎಂದುಕೊಳ್ಳುತ್ತದೆ.

ಫೈಲು ಎರಡೂ ಕಡೆ ಬದಲಾದರೆ ಸಿಂಕ್‌ಥಿಂಗ್ ಯಾವುದನ್ನೂ ಅಳಿಸುವುದಿಲ್ಲ. ಒಂದನ್ನು "ಸಿಂಕ್-ಕಾನ್ಫ್ಲಿಕ್ಟ್" ಎಂದು ಹೆಸರಿಸಿ ಪಕ್ಕದಲ್ಲಿಡುತ್ತದೆ. ಆಲ್ಟ್-ಎಕ್ಸ್ ಈಡಿಫ್-ಫೈಲ್ಸ್ ಕೊಟ್ಟು ಎರಡನ್ನೂ ಎದುರುಬದುರು ಇಟ್ಟು ಸೇರಿಸಿ, ಆಮೇಲೆ ಆ ಪ್ರತಿ ಅಳಿಸಿ. ಇದು ಆಗುವುದು ಲ್ಯಾಪ್‌ಟಾಪಿನಲ್ಲಿ ಫೈಲು ತೆರೆದೇ ಬಿಟ್ಟು ಫೋನಿನಲ್ಲಿ ಬರೆದಾಗ. ಇನಿಟ್ ಫೈಲಿನಲ್ಲಿ ಗ್ಲೋಬಲ್-ಆಟೋ-ರಿವರ್ಟ್-ಮೋಡ್ ಚಾಲೂ ಮಾಡಿ. "ಡಿಸ್ಕಿನಲ್ಲಿ ಬದಲಾಗಿದೆ, ತಿದ್ದಲೇ?" ಎಂದು ಕೇಳಿದರೆ ವೈ ಒತ್ತುವ ಅವಸರ ಬೇಡ, ಆರ್ ಒತ್ತಿದರೆ ಡಿಸ್ಕಿನ ಹೊಸ ಪ್ರತಿ ಬರುತ್ತದೆ.

ಹೆಚ್ಚು ಸುಲಭದ ದಾರಿಯೊಂದಿದೆ: ಫೋನಿನಿಂದ ಬರೆಯಲು "ಜೇಬು" ಎಂದು ಬೇರೆಯೇ ಫೈಲು ಇಡಿ, ಅದರಲ್ಲಿ ಮಾತ್ರ ಬರೆಯಿರಿ. ಸಂಜೆ ಲ್ಯಾಪ್‌ಟಾಪಿನಲ್ಲಿ ಕಂ-ಸಿ ಕಂ-ಡಬ್ಲ್ಯು ಒತ್ತಿ ಒಂದೊಂದನ್ನೂ ಅದರ ಜಾಗಕ್ಕೆ ಕಳುಹಿಸಿ.

ಕಂ-ಸಿ ಕಂ-ಡಬ್ಲ್ಯು ಬೇರೆ ಫೈಲಿನ ಶೀರ್ಷಿಕೆಗಳನ್ನು ತೋರಿಸುವುದೇ ಇಲ್ಲ.

ಮೊದಲಿಗೆ ಅದು ತೋರಿಸುವುದು ಇದೇ ಫೈಲಿನ ಒಂದೇ ನಕ್ಷತ್ರದ ಶೀರ್ಷಿಕೆಗಳನ್ನು ಮಾತ್ರ. ಆಲ್ಟ್-ಎಕ್ಸ್ ಕಸ್ಟಮೈಜ್-ವೇರಿಯೆಬಲ್ ಕೊಟ್ಟು "ಆರ್ಗ್-ರೀಫೈಲ್-ಟಾರ್ಗೆಟ್ಸ್" ತೆರೆಯಿರಿ. ಅಜೆಂಡಾ ಫೈಲುಗಳು, ಗರಿಷ್ಠ ಮಟ್ಟ 2 ಎಂದು ಆರಿಸಿ.

ಪಿಡಿಎಫ್ ಮಾಡಿದರೆ ಕನ್ನಡವೇ ಮಾಯ.

ಆರ್ಗ್ ಪಿಡಿಎಫ್ ಮಾಡಿಸುವುದು ಲೇಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶದ ಮೂಲಕ. ಮಾಮೂಲಿ ಪಿಡಿಎಫ್‌ಲೇಟೆಕ್‌ಗೆ ಕನ್ನಡ ಬಾರದು. "ಆರ್ಗ್-ಲೇಟೆಕ್-ಕಂಪೈಲರ್" ಅನ್ನು ಝೀಲೇಟೆಕ್ ಮಾಡಿ, ಫಾಂಟ್‌ಸ್ಪೆಕ್ ಮೂಲಕ ಕನ್ನಡ ಫಾಂಟ್ ಹೇಳಬೇಕು. ಒಂದು ಪುಟದ ಹಾಜರಿ ಪಟ್ಟಿಗೆ ಅಷ್ಟು ಕಸರತ್ತು ಬೇಡ. ಕಂ-ಸಿ ಕಂ-ಇ, ಆಮೇಲೆ ಒ ಮತ್ತೆ ಒ ಒತ್ತಿದರೆ ಓಡಿಟಿ ಫೈಲು ಬರುತ್ತದೆ. ಲಿಬ್ರೆಆಫೀಸಿನಲ್ಲಿ ತೆರೆದು ಪ್ರಿಂಟ್ ಕೊಡಿ. ಅನವಶ್ಯಕ ಪರಿವಿಡಿ, ಕ್ರಮಸಂಖ್ಯೆ ಬರುತ್ತಿದ್ದರೆ ಫೈಲಿನ ತಲೆಗೆ "#+ಆಪ್ಶನ್ಸ್: ಟಿಒಸಿ:ನಿಲ್ ನಮ್:ನಿಲ್" ಸೇರಿಸಿ.

ಆರ್ಗ್ ಹೊಸ ಆವೃತ್ತಿ ಹಾಕಿದ ಮೇಲೆ ವಿಚಿತ್ರ ದೋಷಗಳು.

ಈಮ್ಯಾಕ್ಸಿನ ಜೊತೆ ಬಂದ ಹಳೆಯ ಆರ್ಗ್ ಅರ್ಧ, ಹೊಸದು ಅರ್ಧ ಲೋಡ್ ಆಗಿ ಕಲಸಿಹೋಗಿದೆ. ಹೊಸದಾಗಿ ಹಾಕಿಕೊಂಡ ಪ್ಯಾಕೇಜುಗಳು ಕೂರುವ ಎಲ್ಪಾ ಫೋಲ್ಡರಿನಲ್ಲಿರುವ ಆರ್ಗ್ ಫೋಲ್ಡರ್ ಅಳಿಸಿ. ಈಮ್ಯಾಕ್ಸನ್ನು "-ಕ್ಯು" ಜೊತೆ ಬರಿದಾಗಿ ತೆರೆದು, ಯಾವ ಆರ್ಗ್ ಫೈಲನ್ನೂ ಮುಟ್ಟದೆ, ಮೊದಲು ಪ್ಯಾಕೇಜನ್ನು ಹೊಸದಾಗಿ ಹಾಕಿ, ಮುಚ್ಚಿ, ಮಾಮೂಲಿನಂತೆ ತೆರೆಯಿರಿ. ಆಲ್ಟ್-ಎಕ್ಸ್ ಆರ್ಗ್-ವರ್ಷನ್ ಹೊಸ ಸಂಖ್ಯೆಯನ್ನೇ ತೋರಿಸಬೇಕು. ಕಾಫಿ ಕುಯ್ಲಿನ ನಡುವೆ ಮಾತ್ರ ಈ ಅಪ್‌ಡೇಟಿಗೆ ಕೈ ಹಾಕಬೇಡಿ. ಹಳೆಯ ಆವೃತ್ತಿಯೂ ಇದೇ ಫೈಲುಗಳನ್ನು ಓದುತ್ತದೆ.